ಕಟ್ ಅಂದ ಮೇಲೆ

ಫೆಬ್ರವರಿ 3, ಸೋಮವಾರ. ಬೆಳಗ್ಗೆ 7:10

ಕಾಫಿ ಆರಿಹೋಯ್ತು, ಶೂಟಿಂಗ್ ಸಾಮಾನಿನ ಪಟ್ಟಿ ಇನ್ನೂ ಮುಗಿದಿಲ್ಲ. ಲ್ಯಾಂಡ್‌ಲೈನ್ ಫೋನ್ — ಸಿಕ್ಕಿದೆ, ನಮ್ಮ ಕ್ಲಾಸಿನ ಕೊಕ್ಕರೆ ಮನೆ ಅಟ್ಟದ ಮೇಲಿತ್ತಂತೆ. ಕುರ್ಚಿ — ದೊಡ್ಡಮ್ಮನ ಮನೇದು. ರೈಲಿನ ಹಳೇ ಟೈಮ್‌ಟೇಬಲ್ — ದೊಡ್ಡಮ್ಮನ ಹತ್ರ ಹದಿನಾಲ್ಕಿವೆ, ಬೇಕಾದ್ದು ಆರಿಸ್ಕೋ ಅಂದಿದ್ದಾಳೆ. ಕರ್ಟನ್ — ಅಮ್ಮ ಕೊಡಲ್ಲ. ಕೇಳದೇನೇ ತಗೊಂಡು ಹೋಗೋದು.

ಎಡಿಟಿಂಗ್ ಮೇಡಂ ಹೇಳಿದಾರೆ, ದಿನಾ ಬೆಳಗ್ಗೆ ನಿಮ್ಮ ಸಿನಿಮಾನ ನಾಲ್ಕು ಸಾಲಲ್ಲಿ ಬರೀರಿ, ಬರೆಯಕ್ಕೆ ಬರ್ಲಿಲ್ಲ ಅಂದ್ರೆ ಅದು ನಿಮ್ಮ ತಲೇಲೂ ಇಲ್ಲ ಅಂತ. ಸರಿ. ಒಂಟಿ ಹೆಂಗಸು. ಅವಳ ಮನೆ ಫೋನ್ ನಂಬರಿಗೂ ರೈಲ್ವೆ ಸ್ಟೇಷನ್ನಿನ ವಿಚಾರಣೆ ನಂಬರಿಗೂ ಒಂದೇ ಅಂಕಿ ವ್ಯತ್ಯಾಸ. ದಿನಾ ರಾಂಗ್ ನಂಬರ್. ಬೈದು ಬೈದು ಸಾಕಾಗಿ, ಒಂದಿನ ಟೈಮ್‌ಟೇಬಲ್ ತಂದಿಟ್ಕೊಂಡು ಉತ್ತರ ಕೊಡಕ್ಕೆ ಶುರು ಮಾಡ್ತಾಳೆ.

ಹನ್ನೆರಡು ನಿಮಿಷ. ಒಂದು ರೂಮು, ಒಂದು ಫೋನು. ಇದಕ್ಕಿಂತ ಸುಲಭದ್ದು ಏನಿದೆ ಅಂತ ಆರಿಸಿದ್ದು. ಕೊನೇ ವರ್ಷದ ಸಿನಿಮಾ, ಮಾರ್ಚ್ 7ಕ್ಕೆ ಕೊಡಬೇಕು. ಕೊಡದಿದ್ರೆ ಇನ್ನೊಂದು ವರ್ಷ ಅದೇ ಬೆಂಚು.

ಡೈಲಾಗ್ ಎಲ್ಲ ದೊಡ್ಡಮ್ಮ ತಿದ್ದಿದ್ದು. ಅಮ್ಮನ ಅಕ್ಕ. ಮೂವತ್ತೊಂದು ವರ್ಷ ಸ್ಟೇಷನ್‌ನಲ್ಲಿ ಅನೌನ್ಸರ್ ಆಗಿದ್ದೋಳು. ರಿಟೈರ್ ಆಗಿ ಎರಡು ವರ್ಷ ಆಯ್ತು. ಈಗ ಅಲ್ಲಿ ಕಂಪ್ಯೂಟರ್ ಮಾತಾಡುತ್ತೆ. ಅದಕ್ಕೆ ಉಸಿರು ಎಲ್ಲಿ ಎಳೀಬೇಕು ಅಂತ ಗೊತ್ತಿಲ್ಲ ಅನ್ನೋದು ದೊಡ್ಡಮ್ಮನ ಒಂದೇ ಕಂಪ್ಲೇಂಟು.

ಫೆಬ್ರವರಿ 5, ಬುಧವಾರ

ಹೀರೋಯಿನ್ ಕೈ ಕೊಟ್ಟಳು. ಧಾರಾವಾಹಿ ಸಿಕ್ತಂತೆ, ನಾಳೆಯಿಂದಲೇ ಶೂಟಿಂಗ್ ಅಂತೆ. ಮೆಸೇಜಲ್ಲಿ ಕೈ ಮುಗಿಯೋ ಬೊಂಬೆ ಮೂರು. ಡೈಲಾಗ್ ಎಲ್ಲ ಬಾಯಿಪಾಠ ಆಗಿತ್ತು ಅವಳಿಗೆ. ಕೈಗೆ ಬಂದ ತುತ್ತು.

ಕ್ಯಾಂಟೀನಲ್ಲಿ ಮೂವರೂ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ವಿ. ನಾನು, ಕ್ಯಾಮೆರಾ ಮಾಡೋ ಕೊಕ್ಕರೆ (ಆರಡಿ ಎರಡಿಂಚು, ಕತ್ತೇ ಅರ್ಧ), ಸೌಂಡ್ ಮಾಡೋ ಮೌನಿ. ಮೌನಿ ಮೂರು ವರ್ಷದಲ್ಲಿ ನನ್ನ ಹತ್ರ ಒಟ್ಟು ನಲವತ್ತು ಮಾತಾಡಿರಬಹುದು. ಇವತ್ತು ಒಂದಾಡಿದ. "ನಿಮ್ಮ ದೊಡ್ಡಮ್ಮನೇ ಮಾಡಬಹುದಲ್ಲ" ಅಂದ.

ಕೊಕ್ಕರೆ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪ ಹುಡುಕಿದ್ದೆ.

ಫೆಬ್ರವರಿ 6, ಗುರುವಾರ

ಕೇಳಿದೆ. ನಾಚ್ಕೊಂಡಳು. ಅರವತ್ತು ದಾಟಿದ ಹೆಂಗಸು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ನಕ್ಕಿದ್ದು ಇವತ್ತೇ ನೋಡಿದ್ದು. ಆಮೇಲೆ ಕನ್ನಡಕ ಹಾಕ್ಕೊಂಡು ಸ್ಕ್ರಿಪ್ಟ್ ತಗೊಂಡು, ಆಯ್ತು ಡೈರೆಕ್ಟರಮ್ಮ, ಡೇಟ್ಸ್ ಕೊಡ್ತೀನಿ ಅಂದಳು.

ಆದ್ರೆ ಬೇಗ ಮುಗಿಸು ಅಂದಳು. ಕತ್ತಲ್ಲಿ ಗಂಟಿದೆಯಲ್ಲ, ಅದನ್ನ ಮಾರ್ಚ್ ಕೊನೇಲಿ ತೆಗೀತಾರಂತೆ. ಕೆಟ್ಟ ಗಂಟಲ್ಲ, ಟೆಸ್ಟ್ ಮಾಡಿಯಾಗಿದೆ. ಆದ್ರೆ ದನಿಯ ನರ ಅದರ ಹಿಂದೇನೇ ಹಾದುಹೋಗುತ್ತಂತೆ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ದನಿ ಕೆಡುತ್ತೆ ಅಂದರಂತೆ ಡಾಕ್ಟರು. ಲಾಟರಿ ಟಿಕೆಟ್ ಬಗ್ಗೆ ಹೇಳೋ ಹಾಗೆ ಹೇಳಿದಳು. ಪಕ್ಕದಲ್ಲಿ ಅಮ್ಮ ಬಟ್ಟೆ ಮಡಚ್ತಾ ಇದ್ದೋಳು ಒಂದೇ ಟವೆಲ್ಲನ್ನ ಮೂರು ಸಲ ಮಡಚಿದಳು.

ನನಗೂ ಹೆದರಿಕೆ ಆಯ್ತು. ಹೇಳಲಿಲ್ಲ. ಮನಸಲ್ಲಿ ಒಂದು ನಿರ್ಧಾರ ಮಾತ್ರ ಆಯ್ತು. ಈ ದನಿ ಈಗ ಇರೋ ಹಾಗೇ ಸಿನಿಮಾದಲ್ಲಿ ಇರಬೇಕು. ಮಾರ್ಕ್ಸು ಆಮೇಲೆ.

ಫೆಬ್ರವರಿ 9, ಭಾನುವಾರ

ರಿಹರ್ಸಲ್. ಅಯ್ಯೋ ರಾಮ.

ಸುಮ್ಮನೆ ಓದಿಸಿದರೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓದ್ತಾಳೆ. ಮೌನಿ ಮೈಕ್ ತಂದು ಮುಂದೆ ಹಿಡಿದ. ಅಷ್ಟೇ. ಬೆನ್ನು ನೆಟ್ಟಗಾಯ್ತು, ಗದ್ದ ಮೇಲೆದ್ದಿತು, ಒಂದು ಸಲ ಗಂಟಲು ಸರಿ ಮಾಡ್ಕೊಂಡಳು… ಶುರು. "ನಿಮ್ಮ ಮಗ ಬರುವ ಗಾಡಿ ನಲವತ್ತು ನಿಮಿಷ ತಡವಾಗಿ ಬರುವ ನಿರೀಕ್ಷೆ ಇದೆ." ಅದು ಫೋನಲ್ಲಿ ಅಳ್ತಿರೋ ಒಬ್ಬ ತಾಯಿಗೆ ಹೇಳಬೇಕಾದ ಮಾತು. ಕೇಳಿದ್ರೆ ಆ ತಾಯಿ ಲಗೇಜ್ ಎತ್ಕೊಂಡು ಓಡಬೇಕು, ಹಾಗಿತ್ತು.

ಮೈಕ್ ಅಂದ್ರೆ ಡ್ಯೂಟಿ. ಮೂವತ್ತೊಂದು ವರ್ಷದ ಅಭ್ಯಾಸ. ದೊಡ್ಡಮ್ಮಾ, ಮನೇಲಿ ಮಾತಾಡೋ ಹಾಗೆ ಮಾತಾಡು ಅಂದೆ. ಮನೇಲಿ ಮೈಕ್ ಇರಲ್ವಲ್ಲೇ ಅಂದಳು. ಅದೂ ನಿಜ.

ಮೈಕ್‌ನ ಹೂಕುಂಡದ ಹಿಂದೆ ಇಟ್ಟು ನೋಡಿದ್ವಿ. ಹೂಕುಂಡಕ್ಕೆ ಅನೌನ್ಸ್ ಮಾಡಿದಳು.

ಫೆಬ್ರವರಿ 11, ಮಂಗಳವಾರ

ಕ್ಯಾಮೆರಾ ಎರಡು ದಿನ ಅಂದಿದ್ದು ಒಂದೇ ದಿನ ಅಂತೆ. ಎರಡಿದ್ದಿದ್ದರಲ್ಲಿ ಒಂದು ರಿಪೇರಿಗೆ ಹೋಗಿದೆ. ಸ್ಟೋರ್ ನೋಡ್ಕೊಳೋರು ರಿಜಿಸ್ಟರ್ ತಿರುಗಿಸಿ ತೋರಿಸಿದರು. 13ನೇ ತಾರೀಖು, ಬೆಳಗ್ಗೆ ಏಳರಿಂದ ಸಂಜೆ ಆರು. ಆಮೇಲೆ ಖಾಲಿ ಇರೋದು ಮಾರ್ಚ್ 20ಕ್ಕೆ. ನಮ್ಮ ಪರೀಕ್ಷೆ ಮುಗಿದು ತಿಥಿ ಆದ ಮೇಲೆ.

ನಲವತ್ತು ಶಾಟ್‌ನ ಇಪ್ಪತ್ತಾರಕ್ಕೆ ಇಳಿಸಿದೆ. ಕೊಕ್ಕರೆ ಪ್ರತಿಯೊಂದಕ್ಕೂ ಜಗಳ ಆಡಿದ.

ಫೆಬ್ರವರಿ 13, ಗುರುವಾರ. ಸಂಜೆ 7:30

ಮುಗೀತು! ಬೆರಳು ನೋಯ್ತಿದೆ, ಕಾಲು ನಂದಲ್ಲ, ಆದ್ರೂ ಬರೀತೀನಿ.

ಬೆಳಗ್ಗೆ ಏಳೂಕಾಲಿಗೆ ಎಲ್ಲರೂ ದೊಡ್ಡಮ್ಮನ ಮನೆ ನಡುಮನೇಲಿ ಹಾಜರ್. ಕುರ್ಚಿ ಹಿಂದೆ ಗಾಜಿನ ಬೀರು. ಅದರಲ್ಲಿ ಎಲ್ಲಾ ಕಾಣ್ಸುತ್ತೆ. ಕೊಕ್ಕರೆ ಕಾಣ್ಸಿದ, ನಾನು ಕಾಣ್ಸಿದೆ, ಸೌಂಡ್ ರೆಕಾರ್ಡರಿನ ಕೆಂಪು ದೀಪ ಕಾಣ್ಸಿತು. ಬೀರು ಅಲುಗಾಡಲ್ಲ, ಒಳಗೆ ಮೂವತ್ತು ವರ್ಷದ ಪಿಂಗಾಣಿ. ಕೊಕ್ಕರೆನ ಬಗ್ಗಿಸಿದೆ, ನಾನು ಪಕ್ಕಕ್ಕೆ ಹೋದೆ, ಕೆಂಪು ದೀಪಕ್ಕೆ ಕಪ್ಪು ಟೇಪ್ ಅಂಟಿಸಿದೆ. ಹತ್ತೇ ನಿಮಿಷದಲ್ಲಿ ಸಮಸ್ಯೆ ಬಗೆಹರೀತು. ನನ್ನ ಬೆನ್ನು ನಾನೇ ತಟ್ಕೊಂಡೆ.

ಫ್ರಿಜ್ ಆಫ್ ಮಾಡಿದ್ವಿ, ಸದ್ದು ಬರುತ್ತೆ ಅಂತ. ಹಾಲು ಒಡೀತು. ಎದುರು ಮನೇಲಿ ಗೋಡೆ ಕೊರೀತಿದ್ರು. ದೊಡ್ಡಮ್ಮ ಕಿಟಕಿಯಿಂದ ಒಂದೇ ಸಲ ಹೇಳಿದಳು, ಸ್ಟೇಷನ್ ದನಿಯಲ್ಲಿ. ಡ್ರಿಲ್ ನಿಂತುಹೋಯ್ತು.

ಟೇಕ್ ಮೇಲೆ ಟೇಕ್. ಅದೇ ಅನೌನ್ಸ್‌ಮೆಂಟ್. ಸುಮಾರು ನಾಲ್ಕು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ ಆದಳು ಅನ್ನಿಸ್ತು. ಅಥವಾ ನನಗೇ ಅಭ್ಯಾಸ ಆಯ್ತೋ. ಲೆನ್ಸ್ ಬದಲಾಯಿಸೋವಾಗೆಲ್ಲ ನಾನೂ ಕೊಕ್ಕರೆನೂ ಅಡುಗೆಮನೇಲಿ ಕಿತ್ತಾಡ್ತಿದ್ವಿ, ದೊಡ್ಡಮ್ಮ ಕುರ್ಚಿಲೇ ಕೂತು ಮೌನಿ ಜೊತೆ ಹರಟೆ. ಅಂದ್ರೆ ಅವಳು ಹರಟೆ, ಅವನು ಹೂಂ. ಕೊನೇ ಶಾಟ್ 5:50ಕ್ಕೆ. ಆರಕ್ಕೆ ಕ್ಯಾಮೆರಾ ಪೆಟ್ಟಿಗೆ ಒಳಗೆ.

ಸೌಂಡ್ ಚೆಕ್ ಮಾಡೋಣ್ವಾ ಅಂತ ಮೌನಿ ಕೇಳಿದ. ನಾಳೆ ಅಂದೆ. ಸುಸ್ತು.

ಫೆಬ್ರವರಿ 14, ಶುಕ್ರವಾರ. ಮಧ್ಯಾಹ್ನ

ಇಲ್ಲ.

ಒಂದು ಡೈಲಾಗೂ ಇಲ್ಲ.

ಫೆಬ್ರವರಿ 14, ಸಂಜೆ

ಸಮಾಧಾನವಾಗಿ ಬರೆಯಕ್ಕೆ ನೋಡ್ತೀನಿ. ಕಾಲೇಜಿನ ರೆಕಾರ್ಡರಿಗೆ ಒಂದೇ ಬಟನ್. ಒತ್ತಿದ್ರೆ ಶುರು, ಮತ್ತೆ ಒತ್ತಿದ್ರೆ ಬಂದ್. ಬೆಳಗ್ಗೆ ಟೆಸ್ಟ್ ಮಾಡೋವಾಗ ಮೌನಿ ಒಂದು ಸಲ ಒತ್ತಿ, ಬಂದ್ ಮಾಡೋದು ಮರೆತ. ಅದು ಓಡ್ತಾನೇ ಇತ್ತು. ನಾನು "ಸೌಂಡ್" ಅಂದೆ, ಒತ್ತಿದ — ನಿಂತಿತು. "ಕಟ್" ಅಂದೆ, ಒತ್ತಿದ — ಶುರುವಾಯ್ತು. ಇಡೀ ದಿನ ಹೀಗೇ ತಲೆಕೆಳಗು. ನಲವತ್ತೊಂದು ಟೇಕ್, ಒಂದಕ್ಕೂ ಸೌಂಡ್ ಇಲ್ಲ. ಟೇಕ್‌ಗಳ ನಡುವೆ ಆಗಿದ್ದು ಮಾತ್ರ ಇದೆ. ಕುರ್ಚಿ ಎಳೆದದ್ದು, ನಾನು ಕಿರುಚಿದ್ದು, ಕಾಫಿ ಲೋಟ. ನಾಲ್ಕು ಗಂಟೆ ಕಸ.

ಕ್ಯಾಮೆರಾದಲ್ಲೂ ಒಂದು ಚಿಕ್ಕ ಮೈಕ್ ಇದೆ. ಅದರಲ್ಲಿ ಗುಂಯ್ ಅನ್ನೋದು ಬಿಟ್ರೆ ಏನಿಲ್ಲ. ದೊಡ್ಡಮ್ಮ ಬಾವಿ ಒಳಗೆ ಕೂತು ಮಾತಾಡಿದ ಹಾಗಿದೆ.

ಮೌನಿಗೆ ಬೈದೆ. ಎಡಿಟಿಂಗ್ ರೂಮಲ್ಲಿ, ಎಲ್ಲರ ಎದುರಿಗೇ. ಕಿವಿ ಇರೋದು ಹೆಡ್‌ಫೋನ್ ನೇತುಹಾಕಕ್ಕಾ ಅಂದೆ. ಹೆಡ್‌ಫೋನಲ್ಲಿ ಬರೋದು ಬರ್ತಾನೇ ಇರುತ್ತೆ, ರೆಕಾರ್ಡ್ ಆಗ್ಲಿ ಬಿಡ್ಲಿ, ಅದು ನನಗೂ ಗೊತ್ತು. ಆದ್ರೂ ಅಂದೆ. ಇನ್ನೂ ಏನೇನೋ ಅಂದೆ. ಅವನು ರೆಕಾರ್ಡರ್ ಮೇಜಿನ ಮೇಲಿಟ್ಟು ಹೊರಟುಹೋದ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದದ್ದಾಯ್ತು.

ಫೆಬ್ರವರಿ 15, ಶನಿವಾರ

ದೊಡ್ಡಮ್ಮನಿಗೆ ಹೇಳಿದೆ. ಅಷ್ಟೇ ತಾನೇ, ಇನ್ನೊಂದು ಸಲ ಹೇಳಿದ್ರಾಯ್ತು, ನಾನೇನು ಓಡಿಹೋಗ್ತೀನಾ ಅಂದಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು.

ಚಿತ್ರ ಇದೆ, ಮಾತು ಮಾತ್ರ ಇಲ್ಲ. ಡಬ್ಬಿಂಗ್ ಮಾಡೋದು. ಕಾಲೇಜ್ ರೆಕಾರ್ಡಿಂಗ್ ರೂಮ್ 24ಕ್ಕೆ ಖಾಲಿ, ಹೆಸರು ಬರೆಸಿದೆ. ಮೌನಿ ಫೋನ್ ಎತ್ತಲಿಲ್ಲ. ನಾನೂ ಎರಡನೇ ಸಲ ಮಾಡಲಿಲ್ಲ.

ಫೆಬ್ರವರಿ 17, ಸೋಮವಾರ

ಆಸ್ಪತ್ರೆಯಿಂದ ಫೋನ್. ಆಪರೇಷನ್ ಈ ಗುರುವಾರಕ್ಕೆ ಹಾಕಿದಾರೆ. ಮುಂದಿನ ತಿಂಗಳ ಕೊನೇಲಿ ಸರ್ಜನ್ ಊರಲ್ಲಿರಲ್ಲ, ಯಾರೋ ಒಬ್ಬರು ಬೇಡ ಅಂದಿದ್ದಕ್ಕೆ ಜಾಗ ಖಾಲಿ ಆಯ್ತು, ಬರ್ತೀರಾ ಅಂತ. ದೊಡ್ಡಮ್ಮ ಹೂಂ ಅಂದಿದ್ದಾಳೆ. ಕಾಯೋದಕ್ಕಿಂತ ವಾಸಿ ಅಂದಳು. ಅಮ್ಮ ಬ್ಯಾಗ್ ತುಂಬ್ತಾ ಇದ್ದಾಳೆ, ಇನ್ನೂ ಮೂರು ದಿನ ಇದೆ.

ಗುರುವಾರ 20. ನನ್ನ ರೂಮ್ 24.

ಮೇಡಂ ಹತ್ರ ಹೋಗಿ ನಿಂತೆ. ಕಣ್ಣಲ್ಲಿ ನೀರು ಬಂದ್ಬಿಡ್ತು, ಥೂ. ನಾಳೆ ಊಟದ ಹೊತ್ತಲ್ಲಿ ಒಂದು ಗಂಟೆ ಅಂತ ಬಿಡಿಸಿಕೊಟ್ಟರು.

ಫೆಬ್ರವರಿ 18, ಮಂಗಳವಾರ

ಆಗಲಿಲ್ಲ.

ರೆಕಾರ್ಡಿಂಗ್ ರೂಮು. ನಾಲ್ಕು ಗೋಡೆಗೂ ಸ್ಪಂಜು, ಗಾಜಿನ ಕಿಟಕಿ, ಮೂಗಿನ ಮುಂದೆ ಇಷ್ಟು ದಪ್ಪ ಮೈಕು. ದೊಡ್ಡಮ್ಮ ಒಳಗೆ ಹೋಗಿ ಕೂತಳು, ಸೀರೆ ಸರಿ ಮಾಡ್ಕೊಂಡಳು. ಅಲ್ಲಿಗೆ ನನ್ನ ದೊಡ್ಡಮ್ಮ ಮಾಯ. ಸ್ಟೇಷನ್ ಬಂತು. ಒಂದು ಗಂಟೆ, ಹತ್ತೊಂಬತ್ತು ಸಲ. ಪ್ರತಿ ಅಕ್ಷರವೂ ಶುದ್ಧ, ಒಂದರಲ್ಲೂ ಜೀವ ಇಲ್ಲ. ನಿಧಾನ ಅಂದ್ರೆ ನಿಧಾನವಾಗಿ ಅನೌನ್ಸ್ ಮಾಡ್ತಾಳೆ. ಮೆತ್ತಗೆ ಅಂದ್ರೆ ಮೆತ್ತಗೆ ಅನೌನ್ಸ್ ಮಾಡ್ತಾಳೆ.

ಹೊರಗೆ ಬಂದು ನನ್ನ ಮುಖ ನೋಡಿದಳು. ಚೆನ್ನಾಗಿ ಬಂತು ದೊಡ್ಡಮ್ಮ ಅಂದೆ. ಮೂವತ್ತೊಂದು ವರ್ಷ ಗಾಡಿ ಬರುತ್ತೋ ಇಲ್ವೋ ಅಂತ ಜನರಿಗೆ ಹೇಳಿದೋಳು ಅವಳು, ಸುಳ್ಳು ಗೊತ್ತಾಗಲ್ವಾ. ಆಟೋದಲ್ಲಿ ನನ್ನ ಕೈ ಹಿಡ್ಕೊಂಡು ಕೂತಳು.

ಸಿನಿಮಾ ಹೋದ್ರೆ ಹೋಗ್ಲಿ. ನನ್ನ ಸಂಕಟ ಅದಲ್ಲ. ನಾಡಿದ್ದು ಏನಾದ್ರೂ ಆದ್ರೆ ಅವಳ ದನಿ ನನ್ನ ಹತ್ರ ಇರೋದು ಇಷ್ಟೇನಾ? ಇದು ಅವಳ ದನಿಯೇ ಅಲ್ಲ.

ಫೆಬ್ರವರಿ 19, ಬುಧವಾರ

ರೆಕಾರ್ಡರ್ ವಾಪಸ್ ಕೊಡಬೇಕಿತ್ತು. ಸ್ಟೋರ್ ಅವರು ತಗೊಳೋ ಮುಂಚೆ ತಿರುಗಿಸಿ ನೋಡಿ, ಈ ಟೇಪ್ ಯಾರು ಹಚ್ಚಿದ್ದು ಅಂದರು. ಡಿಸ್‌ಪ್ಲೇ ಹೋಗಿ ವರ್ಷ ಆಗಿದೆ, ಓಡ್ತಿದೆಯೋ ಇಲ್ವೋ ಅಂತ ತಿಳಿಯಕ್ಕೆ ಇರೋದು ಈ ದೀಪ ಒಂದೇ, ಇದನ್ನೂ ಮುಚ್ಚಿದ್ರೆ ದೇವರೇ ಗತಿ ಅಂದರು.

ನಾನು. ನಾನೇ ಹಚ್ಚಿದ್ದು. ಬೆನ್ನು ತಟ್ಕೊಂಡೆ ಅಂತ ಇಲ್ಲೇ ಮೇಲೆ ಬರೆದಿದ್ದೀನಿ.

ಅಲ್ಲೇ ನಿಂತು ಉಗುರಲ್ಲಿ ಟೇಪ್ ಕಿತ್ತೆ. ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಮೌನಿಗೆ ಇದು ಶುಕ್ರವಾರವೇ ಗೊತ್ತಿತ್ತು. ನಾನು ಅಷ್ಟು ಬೈದಾಗ "ನೀನೇ ದೀಪ ಮುಚ್ಚಿದ್ದು" ಅನ್ನೋಕೆ ನಾಲ್ಕು ಸೆಕೆಂಡ್ ಸಾಕಿತ್ತು ಅವನಿಗೆ. ಅನ್ನಲಿಲ್ಲ.

ಅವನ ಮನೆ ಹುಡುಕ್ಕೊಂಡು ಹೋದೆ. ಮೆಟ್ಟಿಲ ಮೇಲೆ ಕೂತು ವಯರ್ ಸುತ್ತುತಿದ್ದ. ತಪ್ಪಾಯ್ತು ಅಂದೆ. ಎಲ್ಲರ ಎದುರಿಗೆ ಬೈದಿದ್ದೀನಿ, ಎಲ್ಲರ ಎದುರಿಗೇ ಹೇಳ್ತೀನಿ ಅಂದೆ. ಅವನು ಅದೆಲ್ಲ ಕಿವಿಗೇ ಹಾಕ್ಕೊಳಲಿಲ್ಲ.

"ನೀನು ಅದನ್ನ ಕೇಳಿದ್ಯಾ?" ಅಂದ.

ಕಸ ಯಾಕೆ ಕೇಳ್ಲಿ ಅಂದೆ. ಒಳಗೆ ಹೋಗಿ ಪೆನ್‌ಡ್ರೈವ್ ತಂದು ಕೊಟ್ಟ. ನಾಳೆ ಆಸ್ಪತ್ರೇಲಿ ಕಾಯೋವಾಗ ಕೇಳು ಅಂದ.

ಫೆಬ್ರವರಿ 20, ಗುರುವಾರ. ಆಸ್ಪತ್ರೆ. ಬೆಳಗ್ಗೆ 10:40

ಒಂಬತ್ತೂವರೆಗೆ ಒಳಗೆ ಕರ್ಕೊಂಡು ಹೋದ್ರು. ಅಮ್ಮ ಕುರ್ಚಿ ತುದೀಲಿ ಕೂತಿದ್ದಾಳೆ, ಯಾರೋ ಎದ್ದೇಳು ಅಂತಾರೆ ಅನ್ನೋ ಹಾಗೆ. ನಾನು ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಕೊಂಡು ಕೇಳ್ತಾ ಇದೀನಿ. ಬರೀತಾ ಬರೀತಾ ಕೇಳ್ತೀನಿ, ಇಲ್ಲಾಂದ್ರೆ ಅತ್ತುಬಿಡ್ತೀನಿ.

ನಾನು ಕಟ್ ಅಂದ ಮರುಕ್ಷಣದಿಂದ ಶುರು. ಕುರ್ಚಿ ಕಿರ್ ಅಂತು. ನಾನೂ ಕೊಕ್ಕರೆನೂ ದೂರ ಹೋಗ್ತಾ ಜಗಳ. ಆಮೇಲೆ ದೊಡ್ಡಮ್ಮ. ಮನೆಯ ದೊಡ್ಡಮ್ಮ. ಉಸಿರು, ನಗು, ನಾಲಿಗೆ ಚಪ್ಪರಿಸಿದ್ದು ಎಲ್ಲಾ ಇದೆ. ಕಟ್ ಅಂದ ಮೇಲೆ ಮೈಕ್ ಬಂದ್ ಆಗಿರುತ್ತೆ ಅಂತ ಅಂದ್ಕೊಂಡು ಮಾತಾಡ್ತಿದ್ದಾಳೆ. ಡ್ಯೂಟಿ ಮುಗೀತಲ್ಲ.

ಒಂದು ಸಲ ಪ್ಲಾಟ್‌ಫಾರ್ಮ್ ಎರಡು ಅನ್ನೋ ಬದಲು ನಾಲ್ಕು ಅಂದುಬಿಟ್ಟಳಂತೆ. ಇನ್ನೂರು ಜನ ಟ್ರಂಕು, ಹಾಸಿಗೆ, ಕೂಸು ಎತ್ಕೊಂಡು ಸೇತುವೆ ಹತ್ತಿ ಇಳಿದರು. ಗಾಡಿ ಬಂದದ್ದು ಎರಡಕ್ಕೆ. ಮತ್ತೆ ಹತ್ತಿ ಇಳಿದರು. ಒಬ್ಬ ಬೈಯಕ್ಕೆ ಅಂತ ಅನೌನ್ಸರ್ ರೂಮಿಗೇ ಬಂದ. ಇವಳನ್ನ ನೋಡಿ, ಓ ನೀವಾ, ದನಿ ಕೇಳಿ ಚಿಕ್ಕ ಹುಡುಗಿ ಅಂದ್ಕೊಂಡಿದ್ದೆ ಅಂತ ಹೇಳಿ ಬೈಯೋದು ಮರೆತು ಹೋದನಂತೆ. ಆಸ್ಪತ್ರೆ ಅನ್ನೋದು ಮರೆತು ನಕ್ಕುಬಿಟ್ಟೆ. ಅಮ್ಮ ತಿರುಗಿ ನೋಡಿದಳು.

11:25

ಇದನ್ನ ಹಾಗೇ ಬರ್ಕೊಳ್ತೀನಿ. ಲೆನ್ಸ್ ಬದಲಾಯಿಸ್ತಿದ್ದ ಹೊತ್ತು. ಮೌನಿಗೆ ಹೇಳಿದ್ದು.

"ನಂಗೆ ಭಯ ಕಣಪ್ಪ. ಮನೇಲಿ ಹೇಳಿಲ್ಲ, ನನ್ನ ತಂಗಿ ಮೊದಲೇ ಪುಕ್ಕಲಿ. ಅಷ್ಟು ವರ್ಷ ಅಷ್ಟೊಂದು ಜನ ನನ್ನ ದನಿ ಕೇಳಿ ಗಾಡಿ ಹತ್ತಿದರು. ಮುಖ ಯಾರೂ ನೋಡಿಲ್ಲ. ಮದುವೆ, ಮಕ್ಕಳು ಅಂತ ನಾನೇನೂ ಮಾಡ್ಕೊಳಲಿಲ್ಲ, ಅದಕ್ಕೆ ಬೇಜಾರಿಲ್ಲ. ನಾನು ಅಂದ್ರೆ ದನಿ. ಅದೂ ಹೋದ್ರೆ ಏನುಳೀತು ಹೇಳು?"

ಮೌನಿ ದನಿ, ತುಂಬ ಮೆಲ್ಲಗೆ. "ಕೇಳ್ದೋರು ಉಳೀತಾರಲ್ಲಮ್ಮ."

ದೊಡ್ಡಮ್ಮ ಮೂಗೆಳೆದಳು. ಆಮೇಲೆ, "ಬಾಯಿ ಬಿಟ್ರೆ ಚೆನ್ನಾಗೇ ಮಾತಾಡ್ತೀಯಲ್ಲೋ" ಅಂದಳು. ಅಷ್ಟರಲ್ಲಿ ನಾನು: ಎಲ್ಲರೂ ರೆಡಿ! ಸೌಂಡ್! ಅಲ್ಲಿಗೆ ನಿಂತಿದೆ.

ನಾನು ಮಧ್ಯ ಬಾಯಿ ಹಾಕದೇ ಇದ್ದಿದ್ರೆ.

12:50

ಸರ್ಜನ್ ಬಂದ್ರು. ಗಂಟು ಪೂರ್ತಿ ತೆಗೆದಿದಾರೆ. ನರ ಕತ್ತರಿಸಿಲ್ಲ. ಆದ್ರೆ ಗಂಟಿಗೆ ಅಂಟಿಕೊಂಡಿತ್ತು, ಬಿಡಿಸೋವಾಗ ಸ್ವಲ್ಪ ಜಗ್ಗಿದೆ. ಎರಡು ವಾರ ಪಿಸುಮಾತೂ ಬೇಡ. ಮಾರ್ಚ್ 8ಕ್ಕೆ ಗಂಟಲಲ್ಲಿ ನಳಿಗೆ ಇಳಿಸಿ ನೋಡಿ ಹೇಳ್ತೀವಿ ಅಂದರು. ಬರುತ್ತೆ ಅಲ್ವಾ ಡಾಕ್ಟ್ರೇ ಅಂತ ಅಮ್ಮ ಕೇಳಿದಳು. ಬರಬೇಕು ಅಂದರು. ಬರುತ್ತೆ ಅನ್ನಲಿಲ್ಲ.

ಫೆಬ್ರವರಿ 23, ಭಾನುವಾರ

ದೊಡ್ಡಮ್ಮ ನಮ್ಮನೇಲಿದ್ದಾಳೆ. ಕತ್ತಿಗೆ ಪಟ್ಟಿ, ಕೈಲಿ ನೋಟ್‌ಬುಕ್. ಎಲ್ಲದಕ್ಕೂ ಬರೀತಾಳೆ. ಅಮ್ಮ ಕೂಡ ಗೊತ್ತಿಲ್ಲದೆ ಕೈಸನ್ನೆ ಮಾಡ್ತಾಳೆ. ನಿಂಗೇನಾಗಿದೆ, ನೀನು ಮಾತಾಡು ಅಂತ ದೊಡ್ಡಮ್ಮ ಬರೆದು ತೋರಿಸಿದಳು.

ನನ್ನ ತಲೇಲಿ ಮೂರು ದಿನದಿಂದ ಸಿನಿಮಾ ಓಡ್ತಿದೆ, ಬೇರೆಯದೇ ಸಿನಿಮಾ. ರಾಂಗ್ ನಂಬರ್ ಕಥೆ ಬಿಟ್ಟು, ಚಿತ್ರದ ಮೇಲೆ ಈ ದನಿ. ತುಟಿಗೆ ಹೊಂದಲ್ಲ, ನಿಜ. ಆದ್ರೆ ಕೊಕ್ಕರೆ ಪುಣ್ಯಾತ್ಮ ಅರ್ಧ ದಿನ ಅವಳ ಕೈ, ಬೆನ್ನು, ಫೋನು, ಕಿಟಕಿ ಅಂತಲೇ ತೆಗೆದಿದ್ದಾನೆ. ಮುಖಕ್ಕೆ ಇಟ್ರೆ ಕ್ಯಾಮೆರಾನೇ ನೋಡ್ತಾಳೆ ಅಂತ.

ಹೇಳದೆ ಮಾಡೋದು ಕಳ್ಳತನ. ಕೇಳಿದೆ. ಎಲ್ಲಾ ರೆಕಾರ್ಡ್ ಆಗಿದೆ ದೊಡ್ಡಮ್ಮ, ನೀನು ಮೌನಿ ಹತ್ರ ಹೇಳಿದ್ದೂ, ನಾನು ಕೇಳಿದ್ದೀನಿ ಅಂದೆ.

ನೋಟ್‌ಬುಕ್ಕಲ್ಲಿ ಎರಡೇ ಪದ ಬರೆದಳು. "ನಿನಗೆ ಹೇಳಿದ್ದಲ್ಲ." ಗೋಡೆ ಕಡೆ ತಿರುಗಿ ಮಲಗಿದಳು. ಕೂಗಾಡಿದ್ರೆ ಎಷ್ಟೋ ಚೆನ್ನಾಗಿತ್ತು.

ಫೆಬ್ರವರಿ 24, ಸೋಮವಾರ

ಯೋಚನೆ ಮಾಡಿದೆ. ಪೆನ್‌ಡ್ರೈವ್ ತಗೊಂಡು ಹೋಗಿ ಅವಳ ದಿಂಬಿನ ಪಕ್ಕ ಇಟ್ಟೆ. ಲ್ಯಾಪ್‌ಟಾಪಲ್ಲಿದ್ದಿದ್ದು ಅವಳ ಎದುರಿಗೇ ಅಳಿಸಿದೆ. ಇದೊಂದೇ ಇರೋದು ದೊಡ್ಡಮ್ಮ, ನಿಂದು, ಇಟ್ಕೋ, ಮುರಿದುಹಾಕು, ನಿನ್ನಿಷ್ಟ ಅಂದೆ. ಸಿನಿಮಾ ಕೊಡದೆ ಇನ್ನೊಂದು ವರ್ಷ ಓದ್ತೀನಿ, ಅದೇನು ಪ್ರಾಣ ಹೋಗೋ ವಿಷಯ ಅಲ್ಲ ಅಂದೆ. ಹೇಳಿದ್ದು ಸುಳ್ಳಲ್ಲ.

ಬಾಗಿಲು ದಾಟೋವಾಗ ಇನ್ನೊಂದು ಹೇಳಿದೆ. ಆವತ್ತು ಡಬ್ಬಿಂಗ್ ಚೆನ್ನಾಗಿ ಬಂತು ಅಂದಿದ್ದು ಸುಳ್ಳು ಅಂತ. ತಿರುಗಲಿಲ್ಲ. ಭುಜ ಮಾತ್ರ ಒಂದು ಸಲ ಕುಲುಕಿತು. ನಕ್ಕಳೋ ಏನೋ.

ಕ್ಲಾಸಲ್ಲಿ ಎದ್ದು ನಿಂತು, ಟೇಪ್ ಹಚ್ಚಿದ್ದು ನಾನು, ಮೌನಿದೇನೂ ತಪ್ಪಿಲ್ಲ ಅಂತ ಹೇಳಿದೆ. ಅವನು ಕಿವಿ ತುದಿ ತನಕ ಕೆಂಪಾದ.

ಫೆಬ್ರವರಿ 27, ಗುರುವಾರ

ಕ್ಲಾಸಲ್ಲಿದ್ದಾಗ ದೊಡ್ಡಮ್ಮನ ಮೆಸೇಜ್. "ಬೇಗ ಮನೆಗೆ ಬಾ. ನಿಮ್ಮಮ್ಮನೂ ನಾನೂ ಪೂರ್ತಿ ಕೇಳಿದ್ವಿ."

ಓಡಿಬಂದೆ. ಅಮ್ಮನ ಕಣ್ಣು ಊದಿಕೊಂಡಿತ್ತು. ದೊಡ್ಡಮ್ಮನೇ ಅವಳನ್ನ ಕೂರಿಸಿ, ಭಯ ಅಂದ ಜಾಗಕ್ಕೆ ಬಂದಾಗ ಕೈ ಹಿಡ್ಕೊಂಡು ಕೇಳಿಸಿದಳಂತೆ. ಅಮ್ಮ ಎದ್ದುಹೋಗಿ ಮುಖ ತೊಳ್ಕೊಂಡು ಬಂದು, "ನಾನೂ ಹೆದರಿದ್ದೆ ಅಕ್ಕ, ನೀನು ಧೈರ್ಯವಾಗಿದ್ದೀಯಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ" ಅಂದಳಂತೆ. ಇಬ್ಬರೂ ಒಬ್ಬರಿಗೊಬ್ಬರು ಧೈರ್ಯ ತೋರಿಸ್ತಾ ತಿಂಗಳುಗಟ್ಟಲೆ ಒಂದೇ ಮಂಚದ ಎರಡು ತುದೀಲಿ ಕೂತು ಹೆದರಿದ್ದಾರೆ.

ನೋಟ್‌ಬುಕ್ಕಲ್ಲಿ ಷರತ್ತು. ಒಂದು, ಆವತ್ತು ಹರಟೇಲಿ ಮೌನಿಗೆ ಹೇಳಿದ್ದ, ಹಿಂದೆ ಅವಳು ಬೇಡ ಅಂದ ವರನ ವಿಷಯ ತೆಗೀಬೇಕು, ಅವನ ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ. ಎರಡು, ಸೌಂಡ್ ಹುಡುಗನ ಹೆಸರು ಅವಳ ಹೆಸರಿಗಿಂತ ಮುಂಚೆ ಬರಬೇಕು. ಕೆಳಗೆ ಗೆರೆ ಎಳೆದು: "ಭಯ ಅಂದಿದ್ದು ಇರಲಿ. ಈಗ ಮುಚ್ಚಿಡೋಕೆ ಏನೂ ಇಲ್ಲ."

ಎಂಟು ದಿನ ಇದೆ.

ಮಾರ್ಚ್ 3, ಸೋಮವಾರ

ದಿನಚರಿ ಬರೆಯಕ್ಕೆ ಪುರುಸೊತ್ತಿಲ್ಲ. ಮೌನಿ ಪಕ್ಕದಲ್ಲಿ. ನಾಲ್ಕು ಗಂಟೆ ಮಾತಿನಿಂದ ಹನ್ನೊಂದು ನಿಮಿಷ ಆರಿಸೋದು ಅಂದ್ರೆ ಅಕ್ಕಿಯಲ್ಲಿ ಕಲ್ಲಲ್ಲ, ಅಕ್ಕಿಯಲ್ಲಿ ಅಕ್ಕಿ ಆರಿಸಿದ ಹಾಗೆ. ನನ್ನ ಕಿರುಚಾಟ ಎಲ್ಲಾ ತೆಗಿ ಅಂದೆ. ಒಂದು ಇರಲಿ ಅಂದ. ಜಗಳ ಆಡಿದ್ವಿ. ಮೌನಿ ಜಗಳ ಆಡ್ತಾನೆ! ಅವನೇ ಗೆದ್ದ.

ಮಾರ್ಚ್ 5, ಬುಧವಾರ

ಸಿಸ್ಟಮ್ ಹ್ಯಾಂಗ್. ನಿನ್ನೆ ಮಧ್ಯಾಹ್ನದಿಂದ ಮಾಡಿದ್ದು ಹೋಯ್ತು. ಕೊಕ್ಕರೆ ತಲೆ ಗೋಡೆಗೆ ಚಚ್ಕೊಂಡ. ನನಗೆ ವಿಚಿತ್ರ, ಅಳು ಬರಲಿಲ್ಲ. ಮತ್ತೆ ಕೂತ್ವಿ. ಎರಡನೇ ಸಲಕ್ಕೆ ಮೊದಲಿಗಿಂತ ಚೆನ್ನಾಗಾಯ್ತು.

ಮಾರ್ಚ್ 7, ಶುಕ್ರವಾರ. ಸಂಜೆ

ಕೊಟ್ಟೆ. 3:40ಕ್ಕೆ. ಗಡುವು ನಾಲ್ಕು.

ನಾಲ್ಕೂವರೆಗೆ ಕ್ಲಾಸಲ್ಲಿ ಹಾಕಿದರು. ದೊಡ್ಡಮ್ಮ ಬರಲಿಲ್ಲ, ನಾಳೆ ಡಾಕ್ಟರು, ನಾಡಿದ್ದು ಸಿನಿಮಾ ಅಂತ ಬರೆದುಕೊಟ್ಟಿದ್ದಳು. ದೀಪ ಆರಿಸಿದರು. ತೆರೆ ಮೇಲೆ ಒಂದು ಕೈ ಟೈಮ್‌ಟೇಬಲ್ ಪುಟ ತಿರುಗಿಸುತ್ತೆ, ಆ ಕೈಯ ದನಿ ಪ್ಲಾಟ್‌ಫಾರ್ಮ್ ನಾಲ್ಕರ ಕಥೆ ಹೇಳುತ್ತೆ. ಇಡೀ ಕ್ಲಾಸ್ ನಕ್ಕಿತು. ಆಮೇಲೆ "ನಂಗೆ ಭಯ ಕಣಪ್ಪ" ಬಂತು. ಹಿಂದಿನ ಬೆಂಚಲ್ಲಿ ಯಾರೋ ಮೂಗೆಳೆದರು. ದೀಪ ಹಾಕಿದ ಮೇಲೆ ನೋಡಿದ್ರೆ ಸ್ಟೋರ್ ಅವರು.

ಮೇಡಂ ಎರಡೇ ಪ್ರಶ್ನೆ ಕೇಳಿದರು. ಇದು ನಿನ್ನ ಸ್ಕ್ರಿಪ್ಟಲ್ಲಿತ್ತಾ? ಇಲ್ಲ. ಇದಕ್ಕೆ ಅವರ ಒಪ್ಪಿಗೆ ಇದೆಯಾ? ಇದೆ, ಬರವಣಿಗೆಯಲ್ಲೇ ಇದೆ ಅಂದೆ. ಸರಿ ಅಂದರು. ನನ್ನ ಹೆಸರಿನ ಮುಂದೆ ಏನೋ ಬರೆದು ಗೆರೆ ಎಳೆದರು. ಕೊಕ್ಕರೆ ಕತ್ತು ಉದ್ದ ಮಾಡಿ ನೋಡಿ ಬಂದು ನನ್ನ ಕಾಲು ತುಳಿದ. ಪಾಸು. ಬರೀ ಪಾಸಲ್ಲ ಅಂದ.

ಖುಷಿಯಾಯ್ತು, ಆಗಲಿಲ್ಲ ಅಂದ್ರೆ ಸುಳ್ಳು. ಆದ್ರೆ ಮನೆಗೆ ಬಂದು ಊಟ ಬಡಿಸೋವಾಗ ದೊಡ್ಡಮ್ಮ ಸಾಕು ಅಂತ ಕೈ ಅಡ್ಡ ಇಟ್ಟಳು, ಬಾಯಲ್ಲಿ ಹೇಳದೆ. ಆಗ ಖುಷಿ ಪಕ್ಕಕ್ಕೆ ಸರೀತು.

ಮಾರ್ಚ್ 8, ಶನಿವಾರ. ಬೆಳಗ್ಗೆ 11:05

ಹತ್ತಕ್ಕೆ ಅಪಾಯಿಂಟ್‌ಮೆಂಟ್. ಜೊತೆಗೆ ಒಬ್ಬರೇ ಬನ್ನಿ ಅಂದಿದ್ದರಂತೆ, ಅಮ್ಮ ಹೋಗಿದ್ದಾಳೆ. ನಾನು ಮನೇಲಿ. ಪಾತ್ರೆ ತೊಳೆದೆ. ತೊಳೆದದ್ದನ್ನೇ ತೊಳೆದೆ. ಅಮ್ಮನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ದೊಡ್ಡಮ್ಮನಿಗೆ ಮೆಸೇಜ್ ಹಾಕಿದೆ, ನೋಡಿದ ಗುರುತು ಬಂತು, ಉತ್ತರ ಇಲ್ಲ.

ಮೌನಿ ಮೆಸೇಜ್: ಏನಾಯ್ತು? ಗೊತ್ತಿಲ್ಲ ಅಂತ ಹಾಕಿದೆ. ಕಾಯ್ತೀನಿ ಅಂತ ಹಾಕಿದ.

ದನಿ ಬರದಿದ್ರೂ ಅವಳು ಅವಳೇ. ಇದನ್ನ ಬರೆದು ನೋಡೋಣ ಅಂತ ಬರೆದೆ. ನಿಜ ಅಂತಾನೇ ಅನ್ನಿಸ್ತು. ಆದ್ರೂ ಬರಲಿ. ಒಡಕಾಗಿಯಾದ್ರೂ ಬರಲಿ ದೇವರೇ, ಹೊಸ ದನಿಯಾದ್ರೂ ಪರವಾಗಿಲ್ಲ, ನಾವು ಅಭ್ಯಾಸ ಮಾಡ್ಕೊಳ್ತೀವಿ.

11:20

ಫೋನ್ ಹೊಡ್ಕೊಳ್ತಿದೆ. ದೊಡ್ಡಮ್ಮನ ನಂಬರ್. ಹದಿನಾರು ದಿನದಿಂದ ಮೆಸೇಜ್ ಬಿಟ್ರೆ ಏನಿಲ್ಲ ಈ ನಂಬರಿಂದ. ಇದು ಮೆಸೇಜ್ ಅಲ್ಲ, ಕಾಲ್. ಅಮ್ಮನಾಗಿದ್ರೆ ಅವಳ ಫೋನಿಂದಲೇ ಮಾಡ್ತಿದ್ದಳು. ಅಂದ್ರೆ ಮಾತಾಡಕ್ಕೇ —